‘ಎಂಸಿಬಿ ಇದೆ, ಶಾಕ್ ಹೊಡೆಯಲ್ಲ’ ಎನ್ನುವ ಮಾಲೀಕರಿಗೆ

ಬಾಡಿಗೆಗೆ ಮನೆ ನೋಡಲು ಬಂದವರು ಕರೆಂಟಿನ ಬಗ್ಗೆ ಒಂದು ಮಾತು ಕೇಳಿದರೆ ಸಾಕು, ಮಾಲೀಕರು ಡಿಬಿ ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸುತ್ತಾರೆ. ‘ನೋಡಿ, ಪೂರ್ತಿ ಎಂಸಿಬಿ ಹಾಕ್ಸಿದೀವಿ. ಶಾಕ್ ಹೊಡೆದ್ರೆ ತಕ್ಷಣ ಟ್ರಿಪ್ ಆಗುತ್ತೆ.’ ಬೆಂಗಳೂರಿನಲ್ಲಿ ಈ ಮಾತನ್ನು ಓದುಬರಹ ಬಲ್ಲವರೂ ಹೇಳುತ್ತಾರೆ, ಇಂಜಿನಿಯರುಗಳೂ ಹೇಳುತ್ತಾರೆ. ಹೇಳುವಾಗ ಒಬ್ಬರ ಮುಖದಲ್ಲೂ ಅನುಮಾನ ಇರುವುದಿಲ್ಲ. ಈ ಮಾತು ಶುದ್ಧ ಸುಳ್ಳು. ಸುಳ್ಳನ್ನು ನಂಬಿ ಜನ ಒದ್ದೆ ಮೈಯಲ್ಲಿ ಗೀಸರಿನ ಕೆಳಗೆ ನಿಲ್ಲುತ್ತಾರಲ್ಲ ಎಂದು ನನಗೆ ಸಿಟ್ಟು.

ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಲೋಡ್ ಮಿತಿಮೀರಿದಾಗ ಅಥವಾ ಶಾರ್ಟ್ ಆದಾಗ ವೈರು ಸುಟ್ಟು ಮನೆಗೆ ಬೆಂಕಿ ಬೀಳದಂತೆ ಅದು ಕರೆಂಟು ಕಡಿಯುತ್ತದೆ. ಗೀಸರಿಗೆ ಸಾಮಾನ್ಯವಾಗಿ 16 ಅಥವಾ 20 ಆಂಪಿಯರ್ ಎಂಸಿಬಿ ಹಾಕಿರುತ್ತಾರೆ. 16 ಆಂಪಿಯರ್ ಎಂದರೆ 16,000 ಮಿಲಿಆಂಪಿಯರ್. ಮನುಷ್ಯನ ಮೈಯ ಪ್ರತಿರೋಧ ಸುಮಾರು 1,000 ಓಮ್ ಎಂದು ಹಿಡಿಯಿರಿ. 230 ವೋಲ್ಟ್ ತಗುಲಿದರೆ ಮೈಯೊಳಗೆ ಹರಿಯುವುದು 230 ಮಿಲಿಆಂಪಿಯರ್. 30 ಮಿಲಿಆಂಪಿಯರ್ ದಾಟಿದರೆ ಹೃದಯದ ಬಡಿತಕ್ಕೆ ಅಪಾಯ ಶುರುವಾಗುತ್ತದೆ. ಆದರೆ 230 ಮಿಲಿಆಂಪಿಯರ್ ಎಂದರೆ ಒಂದು 50 ವ್ಯಾಟಿನ ಬಲ್ಬು ಎಳೆಯುವಷ್ಟು ಕರೆಂಟು. ಬಚ್ಚಲಿನಲ್ಲಿ ಒಬ್ಬರ ಪ್ರಾಣ ಹೋಗುತ್ತಿದ್ದರೂ ಎಂಸಿಬಿಗೆ ಅದು ಉರಿಯುತ್ತಿರುವ ಇನ್ನೊಂದು ಬಲ್ಬು ಮಾತ್ರ. ಅದು ಟ್ರಿಪ್ ಆಗುವುದಿಲ್ಲ.

ಮನುಷ್ಯರನ್ನು ಕಾಯುವ ಸಾಧನ ಬೇರೆಯೇ ಇದೆ, ಅದರ ಹೆಸರು ಆರ್‌ಸಿಸಿಬಿ. ಎಂಸಿಬಿಗಳ ಸಾಲಿನಲ್ಲೇ, ಸ್ವಲ್ಪ ಅಗಲವಾಗಿ, ‘ಟಿ’ ಎಂದು ಬರೆದ ಪುಟ್ಟ ಗುಂಡಿಯ ಜೊತೆ ಕೂತಿರುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸು ಬಂತೇ ಎಂದು ಅದು ಸದಾ ಅಳೆಯುತ್ತಿರುತ್ತದೆ. ಎಲ್ಲೋ 30 ಮಿಲಿಆಂಪಿಯರ್ ಸೋರಿತು ಎಂದರೆ 0.3 ಸೆಕೆಂಡಿನೊಳಗೆ ಲೈನು ಕಟ್. ಎಂಸಿಬಿಯ ಕೆಲಸವನ್ನು ಇದು ಮಾಡುವುದಿಲ್ಲ, ಹಾಗಾಗಿ ಎರಡೂ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಹೊರಟವು. ನಿಗದಿತ ಲೋಡ್ ಮೀರಿದ ಮನೆಗಳಿಗೆ ಈ ಬಗೆಯ ಸೋರಿಕೆ ತಡೆ ಕಡ್ಡಾಯ ಎಂದು ಅವು ಹೇಳುತ್ತವೆ.

ಹಾಕಿಸಿದ ಆರ್‌ಸಿಸಿಬಿಯನ್ನು ತೆಗೆಸುವವರೂ ಇದ್ದಾರೆ, ನನ್ನ ಸಿಟ್ಟು ಹೆಚ್ಚುವುದು ಅವರನ್ನು ಕಂಡಾಗ. ‘ಮಳೆ ಬಂದ್ರೆ ಸುಮ್ನೆ ಟ್ರಿಪ್ ಆಗ್ತಿತ್ತು ಸಾರ್, ಡೈರೆಕ್ಟ್ ಕೊಡಿಸ್ಬಿಟ್ಟೆ.’ ಅದು ಸುಮ್ಮನೆ ಟ್ರಿಪ್ ಆಗಿರಲಿಲ್ಲ. ಗೋಡೆಗೆ ನೀರಿಳಿದು ಎಲ್ಲೋ ಕರೆಂಟು ಸೋರುತ್ತಿತ್ತು. ಇಲ್ಲವೇ ಒಂದೇ ಮನೆಯನ್ನು ಮೂರು ಪೋರ್ಷನ್ ಮಾಡುವಾಗ ಮೇಲಿನ ಮನೆಯ ನ್ಯೂಟ್ರಲ್ಲನ್ನು ಕೆಳಗಿನದಕ್ಕೆ ಸೇರಿಸಿದ್ದರು, ಆಗ ಲೆಕ್ಕ ತಾಳೆಯಾಗದೆ ಆರ್‌ಸಿಸಿಬಿ ಬೀಳಲೇಬೇಕು. ಅದು ತೋರಿಸಿಕೊಟ್ಟ ತಪ್ಪನ್ನು ಸರಿಪಡಿಸುವ ಬದಲು ಅದನ್ನೇ ಕಿತ್ತುಹಾಕಿದ ಮನೆಗೆ ಮುಂದಿನ ತಿಂಗಳು ಮಕ್ಕಳಿರುವ ಕುಟುಂಬ ಬರುತ್ತದೆ.

‘ಎಂಸಿಬಿ ಇದೆ’ ಎಂಬುದಕ್ಕೆ ಅಂಟಿಕೊಂಡ ಇನ್ನೊಂದು ನಂಬಿಕೆ: ‘ಅರ್ತಿಂಗ್ ಇದೆಯಲ್ಲ, ಸಾಕು.’ ಬೋರ್‌ವೆಲ್ಲಿನ ಗಡಸು ನೀರಿಗೆ ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟಿ, ಅದರ ಕವಚ ಸವೆದು ಬಿರುಕು ಬಿಡುತ್ತದೆ. ಫೇಸು ನೀರಿಗೆ ತಾಗುತ್ತದೆ. ಅರ್ತಿಂಗ್ ಗುಂಡಿ ಹತ್ತಾರು ವರ್ಷದಿಂದ ಒಣಗಿ ಅದರ ಪ್ರತಿರೋಧ 20 ಓಮ್‌ಗೆ ಏರಿದ್ದರೆ ಅದರೊಳಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿ ಆಗಲೂ ಬೀಳದು. ಗೀಸರಿನ ಮೈ, ನಲ್ಲಿ, ಅದೇ ಅರ್ತ್ ವೈರಿಗೆ ಸೇರಿದ ಪಕ್ಕದ ಪೋರ್ಷನ್ನಿನ ವಾಷಿಂಗ್ ಮೆಷಿನ್, ಎಲ್ಲಕ್ಕೂ ಕರೆಂಟು ಏರಿ ನಿಂತಿರುತ್ತದೆ. ‘ನಲ್ಲಿ ಸ್ವಲ್ಪ ಜುಮ್ ಅನ್ನುತ್ತೆ’ ಎಂದು ಬಾಡಿಗೆಯವರು ದೂರಿದರೆ ‘ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ’ ಎಂಬ ಉತ್ತರ ಬರುತ್ತದೆ. ಜುಮ್ ಎಂದ ದಿನವೇ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕಾದ ಕೆಲಸ ಅದು.

ಉಳಿದವನ್ನು ಬೇಗ ಮುಗಿಸುತ್ತೇನೆ. ಟೆಸ್ಟರ್ ದೀಪ ಹತ್ತಿತು ಎಂದರೆ ಫೇಸ್ ಇದೆ ಎಂದಷ್ಟೇ, ಅರ್ತಿಂಗ್ ಸರಿಯಿದೆ ಎಂದಲ್ಲ. ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ ಕರೆಂಟು ಇರುತ್ತದೆ. ‘ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ’ ಎನ್ನುವವರ ಮನೆಯಲ್ಲಿ ಆಗ ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನು ಇದ್ದವು. ಈಗ ಅದೇ ವೈರಿನಲ್ಲಿ ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್, ಎಲೆಕ್ಟ್ರಿಕ್ ಸ್ಕೂಟರ್ ನಡೆಯುತ್ತವೆ.

‘ಮೀಟರ್‌ವರೆಗೆ ಬೆಸ್ಕಾಂ, ಒಳಗಿಂದು ಬಾಡಿಗೆಯವರು’ ಎನ್ನುವುದು ಕಾನೂನಿನ ಬಗೆಗಿನ ಭ್ರಮೆ. ಮೀಟರಿನ ಈಚೆಗಿನದು ಗ್ರಾಹಕರ ಹೊಣೆ ನಿಜ. ಆದರೆ ಬಹುಪಾಲು ಮನೆಗಳಲ್ಲಿ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಇರುವುದು ಮಾಲೀಕರ ಹೆಸರಿನಲ್ಲೇ. ತನಗೆ ಗೊತ್ತಿರುವ, ಬಾಡಿಗೆದಾರ ಮಾಮೂಲಿ ಎಚ್ಚರದಿಂದ ನೋಡಿದರೂ ಕಾಣದ ಗಂಭೀರ ದೋಷವನ್ನು ಮಾಲೀಕ ತಿಳಿಸಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಗೋಡೆಯೊಳಗಿನ ವೈರಿಗಿಂತ ಕಾಣದ ದೋಷ ಬೇರೆ ಯಾವುದಿದೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವೈರಿಂಗನ್ನು ಮಾಲೀಕರಿಗೂ ಸ್ವಿಚ್ಚು–ಸಾಕೆಟ್ಟುಗಳ ರಿಪೇರಿಯನ್ನು ಬಾಡಿಗೆದಾರರಿಗೂ ಹಂಚಿದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ಆದರೆ ಕರಾರು ಬರೆಸುವವರಿಗೆ ಒಳ್ಳೆಯ ಅಳತೆಗೋಲು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು. ‘ವಿದ್ಯುತ್ ಅವಘಡಕ್ಕೆ ಮಾಲೀಕರು ಹೊಣೆಯಲ್ಲ’ ಎಂದು ಹನ್ನೊಂದು ತಿಂಗಳ ಕರಾರಿನಲ್ಲಿ ಬರೆಸಿದ ಸಾಲು ಆ ಕಲಮಿನಿಂದ ಕಾಪಾಡದು.

ನಮ್ಮವರು ವಿಚಾರಿಸದೆ ನಂಬುವುದು ಕರೆಂಟಿನಲ್ಲಿ ಮಾತ್ರವಲ್ಲ. ಪೆಟ್ಟಿಗೆ ಹೊಸದಾಗಿ ಕಂಡರೆ ಒಳಗಿನದೂ ಸರಿ, ಐಎಸ್‌ಐ ಗುರುತಿದ್ದರೆ ಜೋಡಿಸಿದ ಕೈಯೂ ಸರಿ, ‘ನಮ್ಮ ಹುಡುಗ’ ಎಂದರೆ ಅವನಿಗೆ ಲೈಸೆನ್ಸ್ ಬೇಡ. ಬಾಡಿಗೆದಾರ ಖಾಲಿ ಮಾಡಿದಾಗಲೆಲ್ಲ ಪೇಂಟಿಂಗ್‌ಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಗೋಡೆಗೆ ಬಣ್ಣ ಬಳಿಯುವ ಆ ವಾರದಲ್ಲೇ ಅರ್ತಿಂಗ್ ಅಳೆಸಿದ ಮಾಲೀಕರನ್ನು ನಾನು ಕಂಡಿಲ್ಲ.

ಮಾಲೀಕರೇ, ಆಯುಧಪೂಜೆಯ ದಿನ ಮೀಟರ್ ಬೋರ್ಡಿಗೆ ಕುಂಕುಮ ಇಡುತ್ತೀರಿ, ಇಡಿ. ಅದೇ ದಿನ ಆರ್‌ಸಿಸಿಬಿಯ ‘ಟಿ’ ಗುಂಡಿಯನ್ನೂ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ, ಇಲ್ಲವೇ ಇಲ್ಲದಿದ್ದರೆ ಹಾಕಿಸಿ. ಆಮೇಲೆ ಮೂರು ತಿಂಗಳಿಗೊಮ್ಮೆ ಬಾಡಿಗೆಯವರ ಕೈಯಲ್ಲೇ ಒತ್ತಿಸಿ.