12 ವೋಲ್ಟಿನ ಆಟ

ಬೇಸಿಗೆ ರಜೆಗೆ ಕಾರಿನಲ್ಲಿ ದೂರದೂರಿಗೆ ಹೊರಟರೆ ಮಕ್ಕಳದು ಈಗ ಒಂದೇ ಪಟ್ಟು: ಪ್ಲೇಸ್ಟೇಷನ್ನೂ ಜೊತೆಗೆ ಬರಬೇಕು. ಗೋಡೆಯ ಪ್ಲಗ್ಗಿಗೆಂದೇ ಮಾಡಿದ ಯಂತ್ರವನ್ನು ಗಾಡಿಯ ಬ್ಯಾಟರಿಯಲ್ಲಿ ಓಡಿಸುವುದು ಹೇಗೆಂದು ಅಪ್ಪಂದಿರು ತಲೆ ಕೆಡಿಸಿಕೊಳ್ಳುತ್ತಾರೆ. ಇದು ಹೊಸಗಾಲದ ಹುಚ್ಚು ಅನ್ನಿಸುವವರು ಅಕ್ಕಿಆಲೂರಿನ ಕಡೆ ಐವತ್ತು ದಾಟಿದ ಯಾರನ್ನಾದರೂ ಮಾತಿಗೆಳೆದು ನೋಡಬೇಕು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಿಗೆ ಈ ವಿದ್ಯೆ ಟ್ರ್ಯಾಕ್ಟರಿನ ಮೇಲೆಯೇ ಬಂದಿತ್ತು.

1987ರ ಜನವರಿ 25ರಂದು ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ಎಂದರೆ ಅದೇ. ಊರಿಗೊಂದೋ ಎರಡೋ ಟಿವಿ, ಅದರ ಮುಂದೆ ಇಡೀ ಓಣಿ. ಆದರೆ ಕರೆಂಟಿನ ನಂಬಿಕೆ ಇರಲಿಲ್ಲ. ಹಾನಗಲ್ ಸೀಮೆ ಅರೆಮಲೆನಾಡು. ಮಳೆ ಹಿಡಿಯಿತೆಂದರೆ ಮರದ ಟೊಂಗೆ ಬಿದ್ದು ಲೈನ್ ಹೋಗುವುದು ಮಾಮೂಲು. ಆಗ ನೆನಪಾಗುತ್ತಿದ್ದದ್ದು ಅಂಗಳದಲ್ಲಿ ನಿಂತ ಟ್ರ್ಯಾಕ್ಟರ್.

ಅಂದಿನ ಎಷ್ಟೋ ಕಪ್ಪು-ಬಿಳುಪು ಪೋರ್ಟಬಲ್ ಟಿವಿಗಳ ಬೆನ್ನಿನಲ್ಲಿ ‘12 ವೋಲ್ಟ್ ಡಿಸಿ’ ಎಂದು ಬರೆದ ಪುಟ್ಟ ತೂತು ಇರುತ್ತಿತ್ತು. ಅದಕ್ಕೆ ಜೋಡಿ ವಯರು, ವಯರಿನ ತುದಿಗೆ ಕೆಂಪೊಂದು ಕಪ್ಪೊಂದು ಕ್ಲಿಪ್ಪು. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಕಚ್ಚಿಸಿದರೆ ಕೆಲಸ ಮುಗಿಯಿತು, ನಡುವೆ ಇನ್ವರ್ಟರ್ ಬೇಡ. ಬ್ಯಾಟರಿ ಇಳಿಯುತ್ತಿದ್ದಂತೆ ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಕುಗ್ಗಿ ಅಂಚಿನಲ್ಲಿ ಕಪ್ಪು ಪಟ್ಟಿ ಮೂಡುತ್ತಿತ್ತು. ಅದನ್ನು ನೋಡಿದೊಡನೆ ಯಾರಾದರೊಬ್ಬರು ಎದ್ದು ಹೋಗಿ ಟ್ರ್ಯಾಕ್ಟರ್ ಚಾಲೂ ಮಾಡುತ್ತಿದ್ದರು. ಸೆಲ್ಫ್ ಹೊಡೆಯುವಷ್ಟೂ ಕಸುವು ಉಳಿಯದೆ ಹೋದರೆ ಎಂಬ ಮುಂದಾಲೋಚನೆಯಿಂದ ಗಾಡಿಯನ್ನು ಮೊದಲೇ ಇಳಿಜಾರಿಗೆ ನಿಲ್ಲಿಸುವ ಜಾಣರೂ ಇದ್ದರು.

ಇದರ ಹಿಂದಿದ್ದ ನಿಜವಾದ ಎಂಜಿನಿಯರು ಪೇಟೆಯ ಬ್ಯಾಟರಿ ಅಂಗಡಿಯವರು. ಸೈಕಲ್ ಕ್ಯಾರಿಯರಿಗೆ ಕಟ್ಟಿ ತಂದ ಬ್ಯಾಟರಿಯ ಆರು ಮುಚ್ಚಳ ತೆಗೆದು, ಗಾಜಿನ ಹೈಡ್ರೋಮೀಟರಿನಲ್ಲಿ ಆ್ಯಸಿಡ್ ಎಳೆದು, ತೇಲುವ ಬುರುಡೆ 1250ರ ಮೇಲೆ ನಿಂತರೆ ‘ಫುಲ್’ ಎನ್ನುತ್ತಿದ್ದರು. ಕೋಣೆಯೊಂದಕ್ಕೆ ಸುಮಾರು 2 ವೋಲ್ಟಿನಂತೆ ಆರು ಕೋಣೆ ಸೇರಿ 12 ಎಂಬ ಲೆಕ್ಕ ಅವರ ಬೆರಳ ತುದಿಯಲ್ಲಿತ್ತು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ಸೀಸ-ಆಮ್ಲದ ಬ್ಯಾಟರಿ ನಮ್ಮ ಹಳ್ಳಿಯ ಮನರಂಜನೆಗೆ ಬಂದದ್ದು ಇವರ ಕೈಯಿಂದ. ಈ ಜನರ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅದೇ ಕಾಲಕ್ಕೆ ರಸ್ತೆಯ ಮೇಲೂ ಪ್ರಯೋಗ ನಡೆದಿತ್ತು. ಖಾಸಗಿ ವಿಡಿಯೋ ಕೋಚ್ ಬಸ್ಸುಗಳಲ್ಲಿ ಡ್ರೈವರನ ಬೆನ್ನ ಹಿಂದೆ ಪೆಟ್ಟಿಗೆ ಕಟ್ಟಿ ಟಿವಿ ಕೂರಿಸಿ, ಕ್ಯಾಸೆಟ್ ಓಡಿಸುವ ವಿಸಿಪಿಯಲ್ಲಿ ರಾತ್ರಿಯಿಡೀ ಸಿನಿಮಾ ಹಾಕುತ್ತಿದ್ದರು. ಮನೆಯ ಬಣ್ಣದ ಟಿವಿಗೆ 230 ವೋಲ್ಟ್ ಬೇಕು. ಅದಕ್ಕಾಗಿ ಬಸ್ಸಿನ ಬ್ಯಾಟರಿಯ ಕರೆಂಟನ್ನು 230ಕ್ಕೆ ಏರಿಸುವ ಇನ್ವರ್ಟರು ಸೀಟಿನಡಿ ಗುಂಯ್ ಎನ್ನುತ್ತಿತ್ತು.

ಆಟದ ಪೆಟ್ಟಿಗೆ ಬಂದದ್ದು ಆಮೇಲೆ. ಜಪಾನಿನ ನಿಂಟೆಂಡೊ 1983ರಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲುಗಳು ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಿಗೆ ಇಳಿದವು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಗನ್ನು. ಎಲ್ಲಕ್ಕೂ ನಾವಿಟ್ಟ ಹೆಸರು ‘ಟಿವಿ ಗೇಮ್’. ಅದರ ಹೊಟ್ಟೆಯೊಳಗಿನ ಚಿಪ್ಪುಗಳಿಗೆ ಬೇಕಾದದ್ದು ಬರೀ 5 ವೋಲ್ಟ್. ಹೊರಗಿನ ಅಡಾಪ್ಟರು 9 ವೋಲ್ಟಿನ ಆಸುಪಾಸು ಕೊಡುತ್ತಿತ್ತು, ಒಳಗೆ 7805 ಎಂಬ ಮೂರು ಕಾಲಿನ ಬಿಡಿಭಾಗ ಅದನ್ನು 5ಕ್ಕೆ ಇಳಿಸುತ್ತಿತ್ತು. ಹೆಚ್ಚಾದ ವೋಲ್ಟೆಲ್ಲ ಬಿಸಿಯಾಗಿ ಹೋಗುತ್ತಿತ್ತು. ಹೀಗಾಗಿ ಗಾಡಿಯ 12 ವೋಲ್ಟ್ ಕೊಟ್ಟರೂ ಅದು ನಡೆಯುತ್ತದೆ, ಬೆನ್ನು ಮಾತ್ರ ಇನ್ನಷ್ಟು ಸುಡುತ್ತದೆ. ತಿಳಿದವರು ನಡುವೆ ಒಂದು 7809 ಹಾಕಿ 9 ವೋಲ್ಟ್ ಮಾಡಿಯೇ ಕೊಡುತ್ತಾರೆ. ತಪ್ಪುವುದು ಒಂದೇ ಕಡೆ: ಫ್ಯಾಮಿಕಾಮ್ ಪಿನ್ನಿನ ನಡುಭಾಗ ಮೈನಸ್, ಹೊರಸುತ್ತು ಪ್ಲಸ್. ತಿರುವುಮುರುವಾದರೆ ಗೇಮ್ ಸುಟ್ಟಂತೆಯೇ. ಟಿವಿ, ಗೇಮ್ ಎರಡೂ ಒಂದೇ ಬ್ಯಾಟರಿಯಲ್ಲಿ ಓಡಬಲ್ಲ ಕಾಲ ಅದು.

ಆಮೇಲೆ ದಾರಿ ತಿರುಗಿತು. ಸೋನಿ 2004ರಲ್ಲಿ ತಂದ ತೆಳುವಾದ ಪ್ಲೇಸ್ಟೇಷನ್ 2 ಇನ್ನೂ 8.5 ವೋಲ್ಟಿನ ಹೊರಗಿನ ಅಡಾಪ್ಟರಿನಲ್ಲೇ ನಡೆಯುತ್ತಿತ್ತು. ಅದನ್ನು ಕಾರಿಗೆ ಒಗ್ಗಿಸುವುದು ಕಷ್ಟವಿರಲಿಲ್ಲ. ಪ್ಲೇಸ್ಟೇಷನ್ 3, 4, 5ರಲ್ಲಿ ಪವರ್ ಸಪ್ಲೈ ಪೆಟ್ಟಿಗೆಯೊಳಗೇ ಸೇರಿಕೊಂಡು, ಹೊರಗೆ ಉಳಿದದ್ದು ಗೋಡೆಯ ಪ್ಲಗ್ಗಿನ ವಯರೊಂದೇ. ಆದರೆ ಆ ಸಪ್ಲೈ 230 ವೋಲ್ಟನ್ನು ತೆಗೆದುಕೊಂಡು ಒಳಗಿನ ಬೋರ್ಡಿಗೆ ಕೊಡುವುದು ಎಷ್ಟು ಗೊತ್ತೇ? 12 ವೋಲ್ಟ್! ಕಾರಿನ 12 ವೋಲ್ಟನ್ನು ಇನ್ವರ್ಟರಿನಲ್ಲಿ 230 ಮಾಡಿ, ಕನ್ಸೋಲಿನಲ್ಲಿ ಮತ್ತೆ 12 ಮಾಡುವ ಈ ಸುತ್ತುಬಳಸಿನಲ್ಲಿ ಎರಡು ಸಲ ಶಕ್ತಿ ಸೋರುತ್ತದೆ.

ಸೋರಿಕೆಗಿಂತ ದೊಡ್ಡದು ಹಸಿವು. ಭಾರಿ ಆಟವಾಡುವಾಗ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಎಳೆಯುತ್ತದೆ. ಇನ್ವರ್ಟರಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಹೋಗುವುದು 20 ಆಂಪಿಯರಿನ ಹತ್ತಿರ, ಟಿವಿಯದು ಬೇರೆ. ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಾಮಾನ್ಯವಾಗಿ ಇರುವ ಫ್ಯೂಸು 10ರಿಂದ 15 ಆಂಪಿಯರಿನದು. ಅದು ಹಾರಿಹೋದರೆ ಅದೃಷ್ಟ. ಹಾರಿತೆಂದು ದಪ್ಪ ಫ್ಯೂಸು ತುರುಕಿದರೆ ತೆಳ್ಳನೆಯ ವಯರು ಕಾದು ಬೆಂಕಿಯೇ ಹತ್ತಬಹುದು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ, ಎಂಜಿನ್ ಬಂದ್ ಮಾಡಿ ಆಡಿದರೆ ಒಂದು ಗಂಟೆಯೊಳಗೇ ಅರ್ಧಕ್ಕೆ ಇಳಿಯುತ್ತದೆ. ಮನೆಗೆ ಮರಳಲು ಸೆಲ್ಫ್ ಹೊಡೆಯುವಾಗ ‘ಟಕ್ ಟಕ್’ ಸದ್ದು ಮಾತ್ರ. ನಿಂಟೆಂಡೊ 2017ರಲ್ಲಿ ಬಿಟ್ಟ ಸ್ವಿಚ್ ಇಲ್ಲಿ ಬಚಾವಾಯಿತು. ಅದರ ಅಡಾಪ್ಟರೇ 39 ವ್ಯಾಟಿನದು, ಒಳಗೆ ಸ್ವಂತ ಬ್ಯಾಟರಿಯೂ ಇದೆ.

ಈಗ ವಿದ್ಯುತ್ ಕಾರುಗಳು ಈ ಗೋಜಲನ್ನೇ ಬಿಡಿಸುತ್ತಿವೆ. 2023ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹ್ಯುಂಡೈ ಅಯಾನಿಕ್ 5, ಅದೇ ಸೆಪ್ಟೆಂಬರಿನ ಹೊಸ ಟಾಟಾ ನೆಕ್ಸಾನ್ ಇವಿಗಳಲ್ಲಿ ಕಾರಿನಿಂದಲೇ ಮನೆಯ ಉಪಕರಣಗಳಿಗೆ ಕರೆಂಟು ಕೊಡುವ ವ್ಯವಸ್ಥೆ ಇದೆ. ಹೆಸರು ‘ವಿ2ಎಲ್’. 3 ಕಿಲೋವ್ಯಾಟಿಗೂ ಮಿಗಿಲಾದ ಸಾಮರ್ಥ್ಯ. ಪ್ಲೇಸ್ಟೇಷನ್ನು, ದೊಡ್ಡ ಟಿವಿ ಎರಡನ್ನೂ ಲೀಲಾಜಾಲವಾಗಿ ಹೊರುತ್ತದೆ. ಜಾಹೀರಾತಿನಲ್ಲಿ ಇದನ್ನು ಹೊಚ್ಚಹೊಸದೆಂದು ತೋರಿಸುತ್ತಾರೆ. ತಂತ್ರ ಹೊಸದು ಹೌದು. ಗಾಡಿಯ ಕರೆಂಟು ಮನೆಯವರ ಖುಷಿಗೆ ಒದಗಬೇಕೆಂಬ ಯೋಚನೆಯನ್ನು ನಮ್ಮ ಟ್ರ್ಯಾಕ್ಟರಿನ ಒಡೆಯರು, ಬ್ಯಾಟರಿ ಅಂಗಡಿಯವರು ದಶಕಗಳ ಹಿಂದೆಯೇ ಮಾಡಿ ತೋರಿಸಿದ್ದಾರೆ.

ಈ ರಜೆಯಲ್ಲಿ ಗೇಮನ್ನು ಕಾರಿಗೆ ಏರಿಸುವ ಮನಸ್ಸಿದ್ದವರು ಮೊದಲು ಅದರ ಬೆನ್ನಿನ ಮೇಲೆ ಅಚ್ಚಾದ ವೋಲ್ಟು, ಆಂಪಿಯರು, ವ್ಯಾಟುಗಳನ್ನು ಓದಿಕೊಳ್ಳಿ. 100 ವ್ಯಾಟ್ ದಾಟಿದರೆ ಲೈಟರ್ ಸಾಕೆಟ್ಟಿನ ಆಸೆ ಬಿಡಿ. ಪ್ಯೂರ್ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ, ದಪ್ಪ ವಯರಿನಿಂದ ನೇರ ಬ್ಯಾಟರಿಗೆ ಜೋಡಿಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿಸಿ. ಆ ಕೆಲಸವನ್ನು ನಿಮ್ಮೂರಿನ ಹಳೆಯ ಬ್ಯಾಟರಿ ಅಂಗಡಿಯಲ್ಲೇ ಮಾಡಿಸಿ, ಅವರು ಕೇಳಿದಷ್ಟು ಮಜೂರಿ ಕೊಡಿ.