ಹಳೇ ಮನೆಯ ಹಿತ್ತಲಲ್ಲಿ ಹುದುಗಿದ ಕಾಸು: ನಿಮಗಿದು ಗೊತ್ತೇ?

ಚೆನ್ನೈನಲ್ಲಿ ತಾತನ ಕಾಲದ ಮನೆಯೊಂದು ಬೀಗ ಜಡಿದುಕೊಂಡು ನಿಂತಿದೆಯೇ? ಮೆಟಲ್ ಡಿಟೆಕ್ಟರ್ ಹಿಡಿದು ಅದರ ಹಿತ್ತಲಿಗೆ ಇಳಿಯುವ ಮುನ್ನ ಇಷ್ಟು ತಿಳಿದಿರಲಿ.

◆ ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಲೋಹಶೋಧಕ ಮಾಡಿದ್ದರು. ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯೊಳಗಿನ ಗುಂಡು ಹುಡುಕಲು. ಹಾಸಿಗೆಯ ಉಕ್ಕಿನ ಸ್ಪ್ರಿಂಗ್‌ಗಳು ಯಂತ್ರದ ದಾರಿ ತಪ್ಪಿಸಿದವು, ಗುಂಡು ಸಿಗಲಿಲ್ಲ.

◆ ಈ ಯಂತ್ರಕ್ಕೆ ಚಿನ್ನ, ಬೆಳ್ಳಿ ಎಂಬ ಭೇದ ಗೊತ್ತಿಲ್ಲ. ಅದರ ಸುರುಳಿ ಹೊಮ್ಮಿಸುವ ಕಾಂತಕ್ಷೇತ್ರದಿಂದ ನೆಲದೊಳಗಿನ ಲೋಹದಲ್ಲಿ ಪುಟ್ಟ ವಿದ್ಯುತ್ ಸುಳಿ ಏಳುತ್ತದೆ. ಯಂತ್ರ ಗುರುತಿಸುವುದು ಅದನ್ನೇ. ಬೆಳ್ಳಿ, ತಾಮ್ರಕ್ಕೆ ಜೋರು ಸದ್ದು. ತೆಳು ಚಿನ್ನದ ಕಾಸಿಗೂ ಮಾತ್ರೆಯ ಅಲ್ಯೂಮಿನಿಯಂ ಹಾಳೆಗೂ ಬಹುಪಾಲು ಒಂದೇ ದನಿ.

◆ ಸಾಧಾರಣ ಡಿಟೆಕ್ಟರ್‌ಗೆ ಒಂಟಿ ನಾಣ್ಯ ಸಿಗುವುದು ಹೆಚ್ಚೆಂದರೆ ಒಂದು ಗೇಣು ಆಳದವರೆಗೆ. ಕಡಲ ತೀರದ ಒದ್ದೆ ಉಪ್ಪುಮರಳಿನಲ್ಲಿ ಲೋಹವಿಲ್ಲದಿದ್ದರೂ ಅದು ಕೂಗುವುದುಂಟು. ಬೆಸೆಂಟ್ ನಗರ, ತಿರುವಾನ್ಮಿಯೂರುಗಳಲ್ಲಿ ನೀರಿನಂಚಿಗೆ ಹೋಗುವವರು ಗಮನಿಸಿ.

◆ ಹಳೆಯ ‘ಮದ್ರಾಸ್ ತಾರಸಿ’ ಮನೆಗಳ ಮಾಡು ಮರದ ತೊಲೆ, ಇಟ್ಟಿಗೆ, ಗಾರೆಯದ್ದು. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳ ಕಾಟ ಅಲ್ಲಿಲ್ಲ. ಕಾಟ ಕೊಡುವುದು ಅಂಗಳದ ತುಂಬ ಉದುರಿರುವ ಮೊಳೆ, ತಂತಿ, ಸೋಡಾ ಬಿರಡೆ.

◆ ಬಾಗಿಲ ಬುಡದಲ್ಲಿ ಸಿಗುವ ನಾಣ್ಯ ಬಿದ್ದು ಕಳೆದದ್ದೇ ಆಗಬೇಕಿಲ್ಲ. ವಾಸಕಾಲು ನಿಲ್ಲಿಸುವಾಗ ಅದರ ಕೆಳಗೆ ನವರತ್ನ, ಪಂಚಲೋಹದ ಜತೆ ಕಾಸು ಇಡುವ ವಾಡಿಕೆ ಇಂದಿಗೂ ಇದೆ.

◆ 1639ರಲ್ಲಿ ದಾಮರ್ಲ ವೆಂಕಟಾದ್ರಿ ನಾಯಕರು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ ಪತ್ರದಲ್ಲಿ ಕೋಟೆ ಕಟ್ಟುವ ಅನುಮತಿಯ ಜತೆಗೆ ನಾಣ್ಯ ಹೊಡೆಯುವ ಹಕ್ಕೂ ಇತ್ತು. ಮದ್ರಾಸ್ ಟಂಕಸಾಲೆ 1869ರಲ್ಲಿ ಮುಚ್ಚಿತು. ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟ್‌ಗೆ ಹೆಸರು ಬಂದದ್ದು ಅದರಿಂದಲೇ.

◆ ಕಂಪನಿಯ ಚಿನ್ನದ ‘ಸ್ಟಾರ್ ಪಗೋಡ’ ನಮ್ಮ ವರಾಹದ ವಂಶದ್ದೇ. ಒಂದು ಬದಿ ವಿಷ್ಣು, ಇನ್ನೊಂದು ಬದಿ ನಕ್ಷತ್ರ. ವರಾಹಕ್ಕೆ 42 ಹಣ, ಹಣಕ್ಕೆ 80 ಕಾಸು. ಒಟ್ಟು 3,360 ಕಾಸು. 1818ರಲ್ಲಿ ಮದ್ರಾಸು ರೂಪಾಯಿ ಲೆಕ್ಕಕ್ಕೆ ಹೊರಳಿದಾಗ ಒಂದು ವರಾಹಕ್ಕೆ ಮೂರೂವರೆ ರೂಪಾಯಿ ಕಟ್ಟಿದರು.

◆ ಮದ್ರಾಸಿನ ತಾಮ್ರದ ಕಾಸು ಇಂಗ್ಲೆಂಡಿನ ಕಡಲ ತಳದಲ್ಲೂ ಸಿಕ್ಕಿದೆ! ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದ 10 ಮತ್ತು 20 ಕಾಸುಗಳನ್ನು ಟನ್‌ಗಟ್ಟಲೆ ಹೇರಿಕೊಂಡಿದ್ದ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಗುಡ್‌ವಿನ್ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮೇಲೆತ್ತಿದ ರಾಶಿಯಲ್ಲಿ 1808ರ ಕಾಸುಗಳೇ ಹೆಚ್ಚು.

◆ 1835ರಿಂದ ಕಂಪನಿ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಬೆಳ್ಳಿ ಶೇ. 91.7. ಯುದ್ಧಕಾಲದ 1940ರಲ್ಲಿ ಬೆಳ್ಳಿ ಶೇ. 50ಕ್ಕೆ ಇಳಿಯಿತು, 1947ರ ರೂಪಾಯಿಯಲ್ಲಿ ಇರುವುದು ಬರೀ ನಿಕ್ಕಲ್. ಇಸವಿ ಓದಿದರೆ ಸಾಕು, ಒರೆಗಲ್ಲು ಬೇಡ.

◆ ನಡುವೆ ತೂತಿರುವ ಕಂಚಿನ ಕಾಸು ಸಿಕ್ಕಿತೇ? ಅದನ್ನು ಸರಪಳಿಗೆ ಪೋಣಿಸಲೆಂದು ಯಾರೋ ಕೊರೆದದ್ದಲ್ಲ. ಯುದ್ಧಕಾಲದಲ್ಲಿ ಲೋಹ ಉಳಿಸಲು 1943ರಿಂದ 1947ರವರೆಗೆ ಸರ್ಕಾರವೇ ಹಾಗೆ ಅಚ್ಚು ಹಾಕಿಸಿತ್ತು.

◆ ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದು, ರಾಮ ಪಟ್ಟಾಭಿಷೇಕ ಕೆತ್ತಿದ ಆಣೆ ಬಿಲ್ಲೆಗಳನ್ನು ಲಕ್ಷಗಟ್ಟಲೆ ಬೆಲೆ ಹೇಳಿ ಮಾರುವವರಿದ್ದಾರೆ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ.

◆ ಸಿಕ್ಕ ನಾಣ್ಯಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ, ಸಂಗ್ರಾಹಕರ ಬಳಿ ಬೆಲೆ ಬಿದ್ದುಹೋಗುತ್ತದೆ. ಹಸಿರು, ಕಂದು ಪೊರೆಯೇ ಅದರ ವಯಸ್ಸಿನ ಸಾಕ್ಷಿ.

◆ ಚೆನ್ನೈ ನೆಲ ಕೊಟ್ಟ ಅತಿ ಪ್ರಸಿದ್ಧ ವಸ್ತುವೊಂದು ಡಿಟೆಕ್ಟರ್‌ಗೆ ಕಾಣುವಂಥದ್ದೇ ಅಲ್ಲ. 1863ರ ಮೇ 30ರಂದು ಪಲ್ಲಾವರಂನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಕ್ಕಿದ್ದು ಹಳೆ ಶಿಲಾಯುಗದ ಕಲ್ಲಿನ ಆಯುಧ.

◆ ದೊಡ್ಡ ನಿಧಿಗಳು ಬಹುಪಾಲು ಸಿಕ್ಕಿರುವುದು ಹಾರೆ, ಗುದ್ದಲಿಗೆ. ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕಾಮಗಾರಿಯ ವೇಳೆ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ತಿರುಚ್ಚಿಯ ತಿರುವಾನೈಕಾವಲ್ ದೇವಸ್ಥಾನದಲ್ಲಿ 2020ರಲ್ಲಿ ನೆಲ ಅಗೆದಾಗ ಸಿಕ್ಕ ತಂಬಿಗೆಯಲ್ಲಿ 505 ಚಿನ್ನದ ನಾಣ್ಯಗಳಿದ್ದವು.

◆ ‘ನಮ್ಮ ಮನೆ, ನಮ್ಮ ನಿಧಿ’ ಎನ್ನುವಂತಿಲ್ಲ. 1878ರ ನಿಧಿ ಕಾಯ್ದೆ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆಯ ಹೂತ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯಿದೆ.

◆ ವಾರಸುದಾರರಿಲ್ಲ ಎಂದು ತೀರ್ಮಾನವಾದರೆ 1878ರ ಕಾಯ್ದೆ ಹೆಚ್ಚಿನ ಪಾಲು ಕೊಡುವುದು ಹುಡುಕಿದವರಿಗೆ: ಮುಕ್ಕಾಲು ಅವರಿಗೆ, ಕಾಲು ಭಾಗ ಜಾಗದ ಒಡೆಯರಿಗೆ. ಮೊದಲೇ ಬೇರೆ ಒಪ್ಪಂದವಿದ್ದರೆ ಅದರಂತೆ. ಸರ್ಕಾರ ತಾನೇ ಇಟ್ಟುಕೊಳ್ಳಬಯಸಿದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು.

◆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ವಿದೇಶದಲ್ಲಿರುವ ಮೊಮ್ಮಗ ನೆನಪಿಗೆಂದು ಸೂಟ್‌ಕೇಸಿನಲ್ಲಿ ಒಯ್ಯುವಂತಿಲ್ಲ.

◆ ಚೆನ್ನೈನ ಮಾಂಬಳಂನಲ್ಲಿ ರೋಮ್‌ನ ಅಗಸ್ಟಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೊಂದು ಸಿಕ್ಕಿದ್ದು ನಮ್ಮದೇ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ರಾಶಿಯಲ್ಲಿ. ಬೇರೆ ಬೇರೆಯಾಗಿ ಸಿಕ್ಕಿದ್ದರೆ ಎರಡೂ ಬರೀ ಹಳೇ ಬೆಳ್ಳಿ. ಒಟ್ಟಿಗೆ ಸಿಕ್ಕಿದ್ದರಿಂದ ಪರದೇಶದ ಹಣವೂ ಊರಿನ ಹಣವೂ ಒಬ್ಬರ ಕೈಯಲ್ಲೇ ಇದ್ದವೆಂದು ಗೊತ್ತಾಯಿತು.

◆ ಕಲೆಕ್ಟರ್‌ಗೆ ಕೊಡುವ ನೋಟಿಸಿನಲ್ಲಿ ಕಾಯ್ದೆ ಕೇಳುವುದು ಮೂರೇ ವಿವರ: ಏನು ಎಷ್ಟು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು. 1851ರಲ್ಲಿ ಶುರುವಾದ ಎಗ್ಮೋರ್ ಸರ್ಕಾರಿ ಮ್ಯೂಸಿಯಂನಂಥ ಕಡೆಯ ನಾಣ್ಯತಜ್ಞರಿಗೂ ಬೇಕಾಗುವುದು ಇದೇ ವಿವರ. ಹಾಗಾಗಿ ಡಿಟೆಕ್ಟರ್ ಜತೆಗೆ ಅಳತೆ ಟೇಪು, ನೋಟ್‌ಬುಕ್ಕು ಇರಲಿ. ಯಾವ ಗೋಡೆಯಿಂದ ಎಷ್ಟು ಅಡಿ, ಎಷ್ಟು ಆಳ ಎಂದು ಬರೆದುಕೊಂಡ ಮೇಲೆಯೇ ನಾಣ್ಯ ಎತ್ತಿ.