ಪತ್ರ ರಿಜಿಸ್ಟ್ರಿ ಆದರೆ ಸಾಕಾ? ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಕೊಪ್ಪ: 'ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಪತ್ರ ಆಯ್ತಲ್ಲ, ಇನ್ನೇನು ತೊಂದ್ರೆ?' ಮನೆ, ಸೈಟು ತಗೊಂಡವರು ಹೇಳುವ ಮಾತಿದು. ಆದರೆ ನೋಂದಣಿ ಆದ ಮಾತ್ರಕ್ಕೆ ಸರ್ಕಾರ ನಿಮ್ಮ ಹಕ್ಕಿಗೆ ಗ್ಯಾರಂಟಿ ಕೊಟ್ಟಂತೆ ಆಗುವುದಿಲ್ಲ. ಮಾರಿದವರಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬರುತ್ತದೆ.

ಅಮೆರಿಕದಲ್ಲಿ ಇದಕ್ಕೇ 'ಟೈಟಲ್ ಇನ್ಶೂರೆನ್ಸ್' ಇದೆ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಪದ್ಧತಿ. ಟೈಟಲ್ ಕಂಪನಿ ಹಳೇ ದಾಖಲೆ ಹುಡುಕಿ ನೋಡುತ್ತದೆ. ಕೊಳ್ಳುವಾಗ ಒಂದೇ ಸಲ ಪ್ರೀಮಿಯಂ ಕಟ್ಟಿದರೆ, ಮುಂದೆ ಹಕ್ಕಿನ ತಕರಾರು ಬಂದಾಗ ನಷ್ಟ ಭರಿಸುತ್ತದೆ. ನಮ್ಮ ದೇಶದಲ್ಲಿ 2016ರ ರೇರಾ ಕಾಯ್ದೆಯ 16ನೇ ಸೆಕ್ಷನ್ ಈ ವಿಮೆಯ ಬಗ್ಗೆ ಹೇಳುತ್ತದೆ. ಆದರೆ ಅದು ಬಿಲ್ಡರ್‌ಗಳ ಯೋಜನೆಗೆ, ಅದೂ ಸರ್ಕಾರ ಅಧಿಸೂಚನೆ ಹೊರಡಿಸಿದರೆ. ಹಿರೇಕೊಡಿಗೆಯಲ್ಲಿ ಒಂದು ಮನೆ ತಗೊಳ್ಳುವವರಿಗೆ ಅಂಥ ಕಂಪನಿ ಸಿಗುವುದು ಕಷ್ಟ. ಆ ಹುಡುಕಾಟ ನಾವೇ ಮಾಡಿಸಬೇಕು.

ಇಸಿ ಒಂದೇ ಸಾಲದು

ಋಣಭಾರ ಪತ್ರ (ಇಸಿ) ನೋಂದಣಿಯಾದ ವ್ಯವಹಾರ ಮಾತ್ರ ತೋರಿಸುತ್ತದೆ. ನಮೂನೆ 15ರಲ್ಲಿ ಬಂದರೆ ವ್ಯವಹಾರ ಇದೆ, 16ರಲ್ಲಿ ಬಂದರೆ ಆ ಅವಧಿಯಲ್ಲಿ ಇಲ್ಲ ಎಂದರ್ಥ. ಮನೆಯೊಳಗಿನ ಪಾಲಿನ ಜಗಳ, ನೋಂದಣಿ ಆಗದ ಕರಾರು ಅದರಲ್ಲಿ ಬರುವುದಿಲ್ಲ. 30 ವರ್ಷದ ಇಸಿ ತೆಗೆಸಿ. ಜಮೀನಾದರೆ ಪಹಣಿಯ 11ನೇ ಕಾಲಂ ನೋಡಿ, ಸೊಸೈಟಿ ಸಾಲ ಅಲ್ಲಿ ಕಾಣುತ್ತದೆ. ಮೂಲಪತ್ರ ಕೇಳಿ. ಬರೀ ಜೆರಾಕ್ಸ್ ತೋರಿಸಿದರೆ ಅಸಲು ಎಲ್ಲಿದೆ ಅಂತ ವಿಚಾರಿಸಿ.

ಜಾಗ ಅವರಿಗೆ ಹೇಗೆ ಬಂತು?

ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಇದು. ಬಗರ್‌ಹುಕುಂಗೆ ನಮೂನೆ 50, 53, 57ರಲ್ಲಿ ಅರ್ಜಿ ಕೊಟ್ಟ ರಸೀದಿ ಹಕ್ಕುಪತ್ರ ಅಲ್ಲ. 94ಸಿ ಹಕ್ಕುಪತ್ರದ ಮನೆಯಾದರೆ ಅದರ ಷರತ್ತು ಪೂರ್ತಿ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. 2023ರ ತಿದ್ದುಪಡಿ ಬಂದ ಮೇಲೆ, ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಸರ್ವೆ ನಂಬರು ಡೀಮ್ಡ್ ಫಾರೆಸ್ಟ್ ಅಥವಾ ಸೆಕ್ಷನ್ 4ರ ಅರಣ್ಯ ಅಧಿಸೂಚನೆಯಲ್ಲಿ ಇದೆಯಾ ಅಂತಲೂ ತಿಳಿದುಕೊಳ್ಳಿ.

ಯಾರ್ಯಾರ ಸಹಿ ಬೇಕು?

ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಮದುವೆಯಾಗಿ ಬೇರೆ ಊರಲ್ಲಿರುವ ಅಕ್ಕ-ತಂಗಿಯರನ್ನು ಬಿಟ್ಟು ಪತ್ರ ಮಾಡಿಸಿದರೆ ಮುಂದೆ ಕೋರ್ಟು ಅಲೆಯಬೇಕಾದೀತು. ವಂಶವೃಕ್ಷ ತರಿಸಿ ಹೆಸರು ತಾಳೆ ನೋಡಿ. ಬರೀ ಜಿಪಿಎ, ಕರಾರುಪತ್ರದ ಮೇಲೆ ಒಡೆತನ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಖಾತೆ, ಬ್ಯಾಂಕ್ ಸಾಲ

ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟಿದ್ದರೆ ಕಾರಣ ಏನೆಂದು ಪಿಡಿಒ ಬಳಿ ವಿಚಾರಿಸಿ. ಖಾತೆ ಕಂದಾಯ ಕಟ್ಟುವ ದಾಖಲೆ, ಅದೇ ಒಡೆತನದ ಸಾಕ್ಷಿ ಅಲ್ಲ. 'ಬ್ಯಾಂಕಿನವರೇ ಲೋನ್ ಕೊಟ್ಟಿದ್ದಾರೆ' ಎಂದೂ ನೆಮ್ಮದಿಯಾಗಬೇಡಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣದ ಭದ್ರತೆ.

ಹಾಗಾಗಿ ನಿಮ್ಮದೇ ವಕೀಲರಿಂದ ಲಿಖಿತ ಅಭಿಪ್ರಾಯ ತಗೊಳ್ಳಿ. ಪತ್ರಿಕೆಯಲ್ಲಿ ಆಕ್ಷೇಪಣೆ ಕೇಳಿ ಪ್ರಕಟಣೆ ಕೊಡಿಸಿ. ಹಕ್ಕಿನಲ್ಲಿ ದೋಷ ಕಂಡರೆ ಅಡ್ವಾನ್ಸ್ ವಾಪಸ್ ಎಂದು ಕರಾರಿನಲ್ಲಿ ಬರೆಸಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಜಾಗಕ್ಕೆ ಹೋಗಿ ಅಕ್ಕಪಕ್ಕದವರನ್ನೂ ಮಾತಾಡಿಸಿ. ಚಕ್ಕುಬಂದಿ ತಕರಾರು ಕಾಗದಕ್ಕಿಂತ ಮೊದಲು ಅವರ ಬಾಯಲ್ಲೇ ಬರುತ್ತದೆ.